ವಿಮಾನಕ್ಕೆ ಕೊಟ್ಟ ಹಂಡೆ

ನಮ್ಮ ಮನೆಯ ತಾಮ್ರದ ಹಂಡೆ ವಿಮಾನವಾಯಿತು ಎಂದು ಮುಳಬಾಗಿಲಿನಲ್ಲಿ ಮೊದಲು ಹೇಳಿದವರು ನಮ್ಮ ಯಜಮಾನರು. ಇಂದಿಗೂ ಹಾಗೆ ಹೇಳುತ್ತಿರುವವರು ಅವರೊಬ್ಬರೇ. ನಡುವೆ ನಡೆದದ್ದರಲ್ಲಿ ನಾನು ಕಂಡಷ್ಟನ್ನು ಇಲ್ಲಿ ಬರೆಯುತ್ತೇನೆ. ಕಾಣದ್ದನ್ನು ಹೇಳಲು ಅವರಿದ್ದಾರೆ.

ಅವರ ಹೆಸರು ವೆಂಕಟರಾಯಪ್ಪ. ಹೆಂಡತಿ ಗಂಡನ ಹೆಸರು ಹೇಳಬಾರದೆನ್ನುತ್ತಾರೆ. ಬರೆಯಬಾರದೆಂದು ಯಾರೂ ಹೇಳಿದ್ದು ನಾನು ಕೇಳಿಲ್ಲ. ಕೆಲಸ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತಿಕೆ. ಯುದ್ಧ ಶುರುವಾಗಿ ನಾಲ್ಕೈದು ವರ್ಷವಾಗಿತ್ತು. ಸೀಮೆಎಣ್ಣೆಗೆ ಚೀಟಿ, ಸಕ್ಕರೆಗೆ ಚೀಟಿ. ಆಗ ಒಂದು ದಿನ, ಮನೆಮನೆಯವರೂ ಹಳೆಯ ಪಾತ್ರೆಗಳನ್ನು ಯುದ್ಧಕ್ಕೆ ಕೊಡಬೇಕು, ಅವುಗಳಿಂದ ವಿಮಾನ ಮಾಡುತ್ತಾರೆ ಎಂದು ಊರಿನಲ್ಲಿ ತಮಟೆ ಹೊಡೆಸಿದರು. ನಮ್ಮ ಬೀದಿಯ ಪಾತ್ರೆ ಒಟ್ಟುಮಾಡುವ ಕೆಲಸ ಇವರ ಪಾಲಿಗೆ ಬಂತು. ಒಂದು ಎತ್ತಿನ ಗಾಡಿಯನ್ನೂ ಕೊಟ್ಟರು. ಇವರು ಅದರ ಮುಂದೆ ನಡೆಯುವ ಠೀವಿ ನೋಡಿದರೆ, ಗಾಡಿಯಲ್ಲಿರುವುದು ಓಟೆಬಿದ್ದ ಚೊಂಬುಗಳಲ್ಲ, ಶತ್ರುಗಳಿಂದ ಕಿತ್ತು ತಂದ ಕಿರೀಟಗಳು ಎನ್ನಿಸುತ್ತಿತ್ತು.

ನಮ್ಮ ಮನೆಯಿಂದ ಕೊಡಲೆಂದು ತಳ ಹೋದ ಒಂದು ಹಿತ್ತಾಳೆ ತಪ್ಪಲೆಯನ್ನು ಬೆಳಗಿ ಇಟ್ಟಿದ್ದೆ. ಆದರೆ ಗಾಡಿ ಮೊದಲು ಎದುರುಮನೆಯ ಶಾಮಲಮ್ಮನವರ ಬಾಗಿಲಿಗೆ ಹೋಯಿತು. ಅವರು ಕಂಟ್ರಾಕ್ಟರರ ಹೆಂಡತಿ. ಒಂದು ಭಾರಿ ಹಿತ್ತಾಳೆ ಕೊಳಗವನ್ನು ಇಬ್ಬರು ಆಳುಗಳಿಂದ ಹೊರಿಸಿ, ಬೀದಿಯೆಲ್ಲ ನೋಡುವ ಹಾಗೆ ನಿಧಾನವಾಗಿ ಗಾಡಿಗೆ ಇಳಿಸಿದರು.

"ಗುಮಾಸ್ತ್ರ ಮನೆಯಿಂದ ಏನು ಬರುತ್ತೋ, ನೋಡೋಣ," ಎಂದರು. ಅವರು ಕೇಳಿದ್ದು ನಮ್ಮನ್ನಲ್ಲ, ಎತ್ತನ್ನು.

ಯಜಮಾನರು ಒಳಗೆ ಬಂದು ನನ್ನ ತಪ್ಪಲೆಯನ್ನು ನೋಡಿದರು. ಆಮೇಲೆ ಬಚ್ಚಲುಮನೆಗೆ ಹೋಗಿ ಹಂಡೆಯನ್ನು ನೋಡಿದರು.

ಆ ಹಂಡೆ ದೊಡ್ಡತ್ತೆಯದು. ದೊಡ್ಡತ್ತೆ ಎಂದರೆ ಯಜಮಾನರ ತಾಯಿಯ ಅಕ್ಕ ದೊಡ್ಡವೆಂಕಟಮ್ಮ. ಇವರನ್ನು ಚಿಕ್ಕಂದಿನಿಂದ ಸಾಕಿ ಬೆಳೆಸಿದವರು. ಮದುವೆಯಲ್ಲಿ ದೇವರಾಯಸಮುದ್ರದ ತವರಿನಿಂದ ಅವರ ಜೊತೆ ಬಂದ ಹಂಡೆ ಅದು. ಕಂಠದ ಸುತ್ತ ಚುಕ್ಕಿಚುಕ್ಕಿಯಾಗಿ ಹೆಸರು ಕೆತ್ತಿತ್ತು: "ದೇವರಾಯಸಮುದ್ರದ ಪೆದ್ದಪ್ಪನ ಮಗಳು ದೊಡ್ಡವೆಂಕಟಮ್ಮ." ನಮ್ಮ ಕಡೆ ಹೆಸರು ಕೆತ್ತಿಸದೆ ಯಾರೂ ಪಾತ್ರೆಯಂಗಡಿಯಿಂದ ಹೊರಡುವುದಿಲ್ಲ. ಮದುವೆಮನೆಗಳಿಗೆಂದು ಬೀದಿಯ ಪಾತ್ರೆಗಳೆಲ್ಲ ಊರು ಸುತ್ತುತ್ತಿರುತ್ತವೆ. ಹೆಸರಿದ್ದರೆ ಮನೆಗೆ ಮರಳುತ್ತವೆ. ಈ ಮನೆಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಮೊದಲ ಸ್ನಾನದ ನೀರು ಕಾದದ್ದು ಆ ಹಂಡೆಯಲ್ಲೇ. ನನಗಾಗ ಐದು ತಿಂಗಳು ತುಂಬಿತ್ತು. ನನಗೆ ತಾಯಿಯಿಲ್ಲ. ಬಾಣಂತನಕ್ಕೆ ದೊಡ್ಡತ್ತೆಯೇ ಗತಿ.

"ದೊಡ್ಡಮ್ಮಾ, ಈ ಹಂಡೆ ವಿಮಾನಕ್ಕೆ ಹೋಗ್ಲಿ," ಎಂದರು ಯಜಮಾನರು.

"ಏನ್ಲಾ, ಬುದ್ಧಿ ನೆಟ್ಟಗೈತಾ? ಕರಗಿಸ್ಬಿಡ್ತಾರೆ ಕಣೋ."

"ಕರಗಿಸೋದಾ! ಇಂಥಾ ಹಂಡೇನ ಯಾರಾದ್ರೂ ಕರಗಿಸ್ತಾರಾ? ವಿಮಾನದ ಮೂತಿ ಹೆಂಗಿರುತ್ತೆ? ದುಂಡಗೆ. ನಮ್ಮ ಹಂಡೆ ಹೆಂಗಿದೆ? ದುಂಡಗೆ. ಹಾಗೇ ಎತ್ತಿ ಮುಂದಕ್ಕೆ ಕೂರಿಸ್ತಾರೆ, ಅಷ್ಟೇ."

"ಮತ್ತೆ ಹೆಸರು?"

"ಹೆಸರು ಹಾಗೇ ಇರುತ್ತೆ. ಅಳಿಸೋಕೆ ಅವರಿಗೇನು ಹುಚ್ಚಾ? ನಮ್ಮ ಪೆದ್ದಪ್ಪತಾತನ ಹೆಸರು ಆಕಾಶದಾಗೆ ಓಡಾಡುತ್ತೆ. ಶಾಮಲಮ್ಮನ ಕೊಳಗ ಏನಾಗುತ್ತೆ ಹೇಳು? ಹಿಂದುಗಡೆ ಎಲ್ಲೋ ಬಾಲದ ಹತ್ರ ಹಾಕ್ತಾರೆ."

ಈ ಕೊನೆಯ ಮಾತು ಕೆಲಸ ಮಾಡಿತು. ದೊಡ್ಡತ್ತೆ ಎದ್ದು ಹಂಡೆಯೊಳಗಿದ್ದ ನೀರನ್ನು ಬಗ್ಗಿಸಿದರು.

ಸುಳ್ಳು ಹೇಳುವಾಗ ಯಜಮಾನರ ಎಡಗಿವಿ ಕೆಂಪಾಗುತ್ತದೆ. ಅಂದು ಅದು ದಾಸವಾಳದಂತಿತ್ತು. ಅಡಿಗೆಮನೆಗೆ ಕರೆದು, "ರೀ, ವಿಮಾನ ಮಾಡೋದು ಅಲ್ಯೂಮಿನಿಯಂನಿಂದ. ತಾಮ್ರದಿಂದ ಅಲ್ಲ," ಎಂದು ಮೆಲ್ಲಗೆ ಹೇಳಿದೆ.

"ನೀನು ಬಿ.ಎ.ಗೆ ಓದಿದ್ದು ಇತಿಹಾಸ," ಎಂದರು. "ಇದು ಭವಿಷ್ಯ."

ಹಂಡೆ ಗಾಡಿ ಹತ್ತಿತು. ಶಾಮಲಮ್ಮನವರು ಬಾಗಿಲು ಹಾಕಿಕೊಂಡರು.

ಆಮೇಲಿನ ಎರಡು ತಿಂಗಳು ನಮ್ಮ ಬೀದಿಯಲ್ಲಿ ಯಾರೂ ತಲೆ ತಗ್ಗಿಸಿ ನಡೆಯಲಿಲ್ಲ. ಕೋಲಾರದ ಆಚೆ ಮಿಲಿಟರಿಯವರು ವಿಮಾನದ ಮೈದಾನ ಮಾಡಿಕೊಂಡಿದ್ದರು. ಅಲ್ಲಿಂದ ಎದ್ದ ವಿಮಾನಗಳು ನಮ್ಮ ಊರಿನ ಬೆಟ್ಟದ ಮೇಲೆ ಹಾದುಹೋಗುತ್ತಿದ್ದವು. ಸದ್ದು ಕೇಳಿದೊಡನೆ ದೊಡ್ಡತ್ತೆ ಅಂಗಳಕ್ಕೆ ಬಂದು ಹಣೆಗೆ ಕೈ ಹಿಡಿಯುವರು.

"ಅದೇ ನಂದು. ನೀರು ಕುದಿಯೋವಾಗ ಹಿಂಗೇ ಗುಂಯ್ ಅಂತಿತ್ತು."

"ಅಕ್ಕಯ್ಯಾ, ಬಾಲದ ಕಡೆಯಿಂದ ಬರ್ತಿರೋದು ಆ ಸದ್ದು," ಎಂದು ಶಾಮಲಮ್ಮನವರು ಎದುರುಜಗಲಿಯಿಂದ ಕೂಗುವರು. "ಅದು ನಮ್ಮ ಕೊಳಗ."

ದೇಶಕ್ಕೆ ಸೇರಿದ ವಿಮಾನವನ್ನು ನಮ್ಮ ಬೀದಿಯವರು ಹೀಗೆ ದಿನವೂ ಪಾಲು ಮಾಡಿಕೊಳ್ಳುತ್ತಿದ್ದರು. ಯಜಮಾನರು ಮಾತ್ರ ಮುಖ ಮೇಲೆತ್ತಿ ತೀರ್ಪು ಕೊಡುವರು: "ಇದಲ್ಲ. ನಮ್ಮದು ಇನ್ನೂ ಎತ್ತರದಲ್ಲಿ ಹೋಗೋದು." ನಾವು ಸೀಮೆಎಣ್ಣೆ ಡಬ್ಬದಲ್ಲಿ ಸ್ನಾನದ ನೀರು ಕಾಯಿಸುತ್ತಿದ್ದೆವು. ನೀರಿಗೆ ಒಂದಿಷ್ಟು ವಾಸನೆ ಇರುತ್ತಿತ್ತು. ವಿಮಾನದ ಒಡೆಯರಾದ ನಾವು ಅದನ್ನು ಸಹಿಸಿಕೊಂಡೆವು.

ಇದೇ ಸುಖದಲ್ಲಿ ಇರಬಹುದಾಗಿತ್ತು. ಆದರೆ ಮಿಲಿಟರಿಯವರು ಮತ್ತೆ ತಮಟೆ ಹೊಡೆಸಿದರು: ಬರುವ ಭಾನುವಾರ ವಿಮಾನದ ಮೈದಾನವನ್ನು ಜನರಿಗೆ ತೆರೆದಿಡುತ್ತಾರೆ, ಯುದ್ಧದ ವಿಮಾನಗಳನ್ನೆಲ್ಲ ಸಾಲಾಗಿ ನಿಲ್ಲಿಸುತ್ತಾರೆ, ಇನ್ನೂ ಪರೀಕ್ಷೆಯಲ್ಲಿರುವ ಹೊಸದೊಂದನ್ನೂ ತೋರಿಸುತ್ತಾರೆ, ಹೆಂಗಸರು ಮಕ್ಕಳು ಯಾರು ಬೇಕಾದರೂ ಬರಬಹುದು.

ತಮಟೆಯ ಸದ್ದು ಬೀದಿಯ ತಿರುವು ದಾಟುವ ಮೊದಲೇ ಯಜಮಾನರಿಗೆ ಹೊಟ್ಟೆನೋವು ಬಂತು.

"ಭಾನುವಾರದೊತ್ತಿಗೆ ವಾಸಿಯಾಗುತ್ತೆ," ಎಂದರು ದೊಡ್ಡತ್ತೆ. ಓಮಿನ ಕಷಾಯ ಮಾಡಿ ಕುಡಿಸಿದರು. ಆಮೇಲೆ ಡಬ್ಬಿಗೆ ಹುಣಸೆಹಣ್ಣು ತುಂಬಿ, ಉಪ್ಪು ಕಲಸಿ, ಮುಚ್ಚಳ ಹಾಕಿದರು.

"ಹುಣಸೆಹಣ್ಣು ಯಾತಕ್ಕೆ ದೊಡ್ಡಮ್ಮಾ?"

"ಎರಡು ತಿಂಗಳಾಯ್ತಲ್ಲೋ. ಮಂಜು, ಮಳೆ, ಬಿಸಿಲು ಎಲ್ಲಾ ಬಿದ್ದು ಮೂತಿ ಕಪ್ಪಾಗಿರುತ್ತೆ. ಅವರೇನು ತಿಕ್ಕಿರ್ತಾರಾ? ನಾನೇ ಒಂದು ಕೈ ತಿಕ್ಕಿ ಬರ್ತೀನಿ."

ಇವರು ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿದೆ.

"ಅಕಸ್ಮಾತ್ ನಮ್ಮ ವಿಮಾನ ಬರ್ಮಾ ಕಡೆ ಹೋಗಿದ್ರೆ?" ಎಂದರು.

ದೊಡ್ಡತ್ತೆ ಡಬ್ಬಿಯನ್ನು ಕೆಳಗಿಟ್ಟರು. "ನೋಡು ವೆಂಕಟರಾಯ. ಇನ್ನು ಎರಡು ತಿಂಗಳಿಗೆ ಈ ಮನೆಗೆ ಕೂಸು ಬರುತ್ತೆ. ನಮ್ಮನೆ ಕೂಸಿಗೆ ಡಬ್ಬದ ನೀರು ಹುಯ್ಯೋಳಲ್ಲ ನಾನು. ಹಂಡೆ ವಿಮಾನದಾಗೆ ಇದ್ರೆ ಸರಿ, ನಮ್ಮಪ್ಪನ ಹೆಸರಿಗೆ ಆಯ್ತು ಅಂದ್ಕೋತೀನಿ. ಇಲ್ದಿದ್ರೆ ನಾನು ದೇವರಾಯಸಮುದ್ರಕ್ಕೆ ಹೊರಟೋಗ್ತೀನಿ. ಬಾಣಂತನ ನೀನೇ ಮಾಡ್ಕೋ."

ಅಂದು ರಾತ್ರಿ ಊಟದಲ್ಲಿ ಯಜಮಾನರು ಎರಡನೆಯ ಸಲ ಸಾರು ಹಾಕಿಸಿಕೊಳ್ಳಲಿಲ್ಲ. ನಾನೂ ಹಾಕಿಸಿಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ, ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಿಂದ ಓಡುವ ಬಸ್ಸಿನಲ್ಲಿ ಹೊರಟೆವು. ಬೀದಿಗೆ ಬೀದಿಯೇ ಬಸ್ಸಿನಲ್ಲಿತ್ತು. ಏರು ಬಂದಲ್ಲೆಲ್ಲ ಬಸ್ಸು ನಿಲ್ಲುತ್ತಿತ್ತು. ಗಂಡಸರು ಇಳಿದು ತಳ್ಳುತ್ತಿದ್ದರು. ಯಜಮಾನರು ಹಿಂದಕ್ಕೆ ಎಳೆಯುತ್ತಿದ್ದರೆಂದು ನನ್ನ ಅನುಮಾನ.

ಮೈದಾನದ ಬಾಗಿಲಲ್ಲಿ ಖಾಕಿ ತೊಟ್ಟ ಆಂಜಿನಪ್ಪ ಎಂಬಾತ ನಮ್ಮನ್ನು ಎದುರುಗೊಂಡ. ತಾಯಲೂರಿನವನು, ಕನ್ನಡ, ತೆಲುಗು ಮಾತಾಡುವ ಜನಕ್ಕೆ ವಿಮಾನ ತೋರಿಸಲೆಂದು ಅವನನ್ನು ನಿಲ್ಲಿಸಿದ್ದರು. ಅವನಿಗೆ ವಿಮಾನಗಳ ಬಗ್ಗೆ ಏನೂ ತಿಳಿಯದು. ಆದರೆ ಮರ್ಯಾದೆಯಿಂದ ಏನೂ ತಿಳಿಯದಿರುವುದು ಹೇಗೆಂದು ಅವನಿಗೆ ಚೆನ್ನಾಗಿ ತಿಳಿದಿತ್ತು.

"ಇದರೊಳಗೆ ಎಷ್ಟು ಜನ ಕೂತ್ಕೋತಾರಪ್ಪ?"

"ಅದು ಮಿಲಿಟರಿ ರಹಸ್ಯ."

"ಇದು ಮೇಲಕ್ಕೆ ಹೆಂಗೆ ಏಳುತ್ತೆ?"

"ರಹಸ್ಯ."

"ಕುಡಿಯೋ ನೀರು ಎಲ್ಲೈತೆ?"

ಆಂಜಿನಪ್ಪ ಸ್ವಲ್ಪ ಯೋಚಿಸಿ, ಅದನ್ನೂ ಹೇಳಲಿಲ್ಲ.

ವಿಮಾನಗಳು ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದವು. ಆಕಾಶದಲ್ಲಿ ಹದ್ದಿನಷ್ಟು ಕಾಣುತ್ತಿದ್ದಂಥವು ಇಲ್ಲಿ ಮದುವೆಛತ್ರದಷ್ಟಿದ್ದವು. ಒಂದಕ್ಕೆ ನಾಲ್ಕು ಪಂಖ. ಇನ್ನೊಂದು ಚಿಕ್ಕದು, ಸೊಂಟ ಸಣ್ಣಗೆ, ಜಗಳಕ್ಕೆ ನಿಂತಂತೆ ಮುಖ ಮೇಲೆತ್ತಿಕೊಂಡಿತ್ತು. ದೊಡ್ಡತ್ತೆಗೆ ಇದಾವುದೂ ಬೇಕಿರಲಿಲ್ಲ. ಸಂತೆಯಲ್ಲಿ ಎಮ್ಮೆ ನೋಡುವವರಂತೆ ಒಂದೊಂದರ ಮುಂದೆಯೂ ನಿಂತು ಮೂತಿಯನ್ನು ಪರೀಕ್ಷಿಸಿದರು. ಮೂರನೆಯದರ ಹತ್ತಿರ ಕೂಗಿದರು:

"ಲೇ ಹುಡುಗಿ, ಬಾರೇ ಇಲ್ಲಿ! ಹೆಸರು ಕೆತ್ತವ್ರೆ! ಓದೇ!"

ತಗಡುಗಳನ್ನು ಜೋಡಿಸಿದ ಕಡೆಯೆಲ್ಲ ಸಣ್ಣ ಮೊಳೆಗಳ ಸಾಲಿತ್ತು. ಚುಕ್ಕಿ, ಚುಕ್ಕಿ, ಚುಕ್ಕಿ. ಪಾತ್ರೆಯಂಗಡಿಯವರು ಉಳಿ ಹಿಡಿದು ಹಾಕುವ ಚುಕ್ಕಿಗಳಂತೆಯೇ ಇದ್ದವು. ತಲೆಯಿಂದ ಬಾಲದವರೆಗೆ ಬರೆದಂತಿತ್ತು.

"ದೊಡ್ಡತ್ತೆ, ಅದು ಅಕ್ಷರ ಅಲ್ಲ. ಮೊಳೆ."

"ಬಿ.ಎ. ಓದಿದೀಯ, ಇಷ್ಟು ಓದೋಕಾಗಲ್ವಾ?"

"ನಾನು ಓದ್ತೀನಿ ಬಿಡಿ," ಎಂದು ಶಾಮಲಮ್ಮನವರು ಮುಂದೆ ಬಂದರು. ಅವರಿಗೆ ಓದು ಬರುತ್ತಿರಲಿಲ್ಲ; ಅದರಿಂದ ತೊಡಕೇನೂ ಆಗಲಿಲ್ಲ. ಬೆರಳಿಟ್ಟು, "ಶಾ... ಮ... ಲ..." ಎಂದು ಬಾಲದವರೆಗೆ ನಡೆದರು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು.

ಈಗ ದೊಡ್ಡತ್ತೆ ಯಜಮಾನರ ಕಡೆ ತಿರುಗಿದರು. "ನನ್ನದೆಲ್ಲೋ?"

ಸಾಲಿನ ಕೊನೆಯಲ್ಲಿ, ಹಗ್ಗ ಕಟ್ಟಿದ ಆವರಣದೊಳಗೆ ಒಂದು ವಿಮಾನ ಬೇರೆಯಾಗಿ ನಿಂತಿತ್ತು. ಅದರ ಮೂತಿಗೆ ದಪ್ಪ ಕಿತ್ತಾನಿನ ಬಟ್ಟೆಯ ಮುಸುಕು ಹಾಕಿದ್ದರು. ಯಜಮಾನರಿಗೆ ಜೀವ ಬಂದಂತಾಯಿತು.

"ಅದೇ! ಅದೇ ನಮ್ಮದು! ಬಾಕಿಯವಕ್ಕೆಲ್ಲ ಮೂತಿ ಬಿಟ್ಟಿದಾರೆ, ಅದಕ್ಕೆ ಮಾತ್ರ ಮುಚ್ಚಿದಾರೆ. ಯಾಕೆ? ತಾಮ್ರ! ಬೆಲೆಬಾಳೋದು! ಯಾರಾದ್ರೂ ಬಿಚ್ಕೊಂಡು ಹೋದ್ರೆ?" ಎಂದು ಎಡಗಿವಿಯನ್ನು ನನಗೆ ಕಾಣದಂತೆ ತಿರುಗಿಸಿಕೊಂಡರು. "ಮುಸುಕು ತೆಗೆಯೋ ಹಾಗಿಲ್ಲ ದೊಡ್ಡಮ್ಮಾ. ಮಿಲಿಟರಿ ರಹಸ್ಯ. ಕೇಳು ಬೇಕಾದ್ರೆ."

"ಹೌದು, ರಹಸ್ಯ," ಎಂದ ಆಂಜಿನಪ್ಪ. ಯಜಮಾನರು ಅವನನ್ನು ಅಣ್ಣತಮ್ಮನಂತೆ ನೋಡಿದರು. "ಮೂರು ಗಂಟೆವರೆಗೆ ರಹಸ್ಯ. ಆಮೇಲೆ ತೆಗೀತಾರೆ. ಅದೇ ಪರೀಕ್ಷೆ ವಿಮಾನ, ಅದಕ್ಕೇ ಜನ ಸೇರಿರೋದು."

ಯಜಮಾನರು ನೆಲದ ಮೇಲೆ ಕುಳಿತರು.

ದೊಡ್ಡವೆಂಕಟಮ್ಮನ ಹಂಡೆಯ ಮುಸುಕು ತೆಗೆಯುತ್ತಾರಂತೆ ಎಂಬ ಸುದ್ದಿ ಮೈದಾನವೆಲ್ಲ ಹರಡಿತು. ಹೋಳೂರಿನಿಂದ ಬಂದವರೂ ಶ್ರೀನಿವಾಸಪುರದಿಂದ ಬಂದವರೂ ಹಗ್ಗದ ಸುತ್ತ ಸೇರಿದರು. ಮೂರು ಗಂಟೆಗೆ ಕಹಳೆ ಊದಿದರು. ಇಬ್ಬರು ಸಿಪಾಯಿಗಳು ಮುಸುಕನ್ನು ಎಳೆದರು.

ಮೂತಿಯೆಲ್ಲ ಗಾಜು. ಒಳಗಿದ್ದ ಕುರ್ಚಿ ಸಹ ಕಾಣುತ್ತಿತ್ತು.

ಶಾಮಲಮ್ಮನವರು ಬಹಳ ಮರುಕದಿಂದ, "ಅಯ್ಯೋ ಅಕ್ಕಯ್ಯಾ, ನಿಮ್ಮ ಹಂಡೆ ಗಾಜಾಗೋಯ್ತಲ್ಲಾ!" ಎಂದರು.

"ಗಾಜಲ್ಲ!" ಎಂದರು ಯಜಮಾನರು. "ಅಷ್ಟು ಚೆನ್ನಾಗಿ ಬೆಳಗಿದಾರೆ!"

"ಹಂಗಾದ್ರೆ ಮುಟ್ಟಿ ನೋಡ್ತೀನಿ," ಎಂದ ದೊಡ್ಡತ್ತೆ ಹಗ್ಗದ ಕೆಳಗೆ ನುಸುಳಿಯೇಬಿಟ್ಟರು. ಕೈಯಲ್ಲಿ ಹುಣಸೆಹಣ್ಣಿನ ಉಂಡೆ. ಒಂದು ಸೀಟಿ ಕೂಗಿತು, ಆಮೇಲೆ ಹತ್ತಾರು ಕೂಗಿದವು. ಸಿಪಾಯಿಗಳು ಓಡಿಬಂದರು. "ದೊಡ್ಡಮ್ಮಾ!" ಎಂದು ಯಜಮಾನರೂ ನುಗ್ಗಿದರು. ಅವರನ್ನು ಬಿಟ್ಟಿರಲಾರದೆ, ಏಳು ತಿಂಗಳ ಹೊಟ್ಟೆ ಹೊತ್ತು ನಾನೂ ಹಗ್ಗ ಎತ್ತಿ ಹೋದೆ. ದೊಡ್ಡತ್ತೆ ಆಗಲೇ ಗಾಜನ್ನು ಅಂಗೈಯಗಲ ತಿಕ್ಕಿ ಮುಗಿಸಿದ್ದರು.

ನಮ್ಮನ್ನು ಒಬ್ಬ ಆಂಗ್ಲ ಸಾಹೇಬರ ಮುಂದೆ ನಿಲ್ಲಿಸಿದರು. ಅವರು ಮೇಜಿನ ಮೇಲಿದ್ದ ಕಂದುಬಣ್ಣದ ಅಂಟು ಉಂಡೆಯನ್ನು ದೂರದಿಂದ ನೋಡಿ, ಇದೇನು ಎಂದು ಆಂಜಿನಪ್ಪನನ್ನು ಕೇಳಿದರು. ಆಂಜಿನಪ್ಪ ಅಭ್ಯಾಸಬಲದಿಂದ, "ರಹಸ್ಯ ಸಾರ್," ಎಂದ. ಸಿಪಾಯಿಗಳು ಎರಡು ಹೆಜ್ಜೆ ಹಿಂದೆ ಸರಿದರು. ಸಾಹೇಬರು ಧೈರ್ಯಮಾಡಿ ಬಗ್ಗಿ ಮೂಸಿದರು.

"ತಿನ್ನಬೇಡ ಅಂತೇಳೇ," ಎಂದರು ದೊಡ್ಡತ್ತೆ. "ಉಪ್ಪು ಕಲಸಿದೀನಿ."

ಇನ್ನು ಸುಮ್ಮನಿದ್ದರೆ ಯಜಮಾನರು ಇಂಗ್ಲಿಷಿನಲ್ಲಿ ಮಾತಾಡಿಬಿಡುವರು ಎಂಬ ಭಯದಿಂದ ನಾನೇ ಬಾಯಿಬಿಟ್ಟೆ. ಒಂದೊಂದು ಮಾತನ್ನೂ ತೂಗಿ ಇಂಗ್ಲಿಷಿನಲ್ಲಿ ಹೇಳಿದೆ: "ಇವರು ನನ್ನ ಗಂಡನ ದೊಡ್ಡಮ್ಮ. ಇವರ ಬಚ್ಚಲುಮನೆಯ ತಾಮ್ರದ ಹಂಡೆ ನಿಮ್ಮ ವಿಮಾನದ ಮೂತಿಯಾಗಿದೆಯೆಂದು ಇವರಿಗೆ ತಿಳಿಸಲಾಗಿದೆ. ಅದನ್ನು ಬೆಳಗಲು ಬಂದಿದ್ದಾರೆ." ತಿಳಿಸಿದವರು ಯಾರೆಂದು ಹೇಳಲಿಲ್ಲ. ಅವರ ಎಡಗಿವಿ ಹೇಳುತ್ತಿತ್ತು.

ಸಾಹೇಬರು ಹಂಡೆ ಹೇಗಿತ್ತು ಎಂದು ಕೇಳಿದರು. ನಾನು ಕಂಠದ ಸುತ್ತ ಕೆತ್ತಿದ್ದ ಹೆಸರನ್ನು ಕನ್ನಡದಲ್ಲೇ ಹೇಳಿದೆ.

"ದೇವರಾಯಸಮುದ್ರದ ಪೆದ್ದಪ್ಪನ ಮಗಳಾ?" ಎಂದು ಆಂಜಿನಪ್ಪ ಹಾರಿಬಿದ್ದ. "ಅಮ್ಮಾ, ಅದು ನೀವೇನಾ? ದಿನಾ ಬೆಳಗಾಗೆದ್ದು ಟೀಗೆ ನಿಂತ್ಕೊಂಡು ಓದೀ ಓದೀ ನನಗೆ ಬಾಯಿಪಾಠ ಆಗೋಗಿದೆ!"

"ಇದು ರಹಸ್ಯ ಅಲ್ವೇನಪ್ಪಾ?" ಎಂದರು ದೊಡ್ಡತ್ತೆ.

ಅವನು ನಮ್ಮನ್ನು ಕರೆದೊಯ್ದ ಅಡಿಗೆ ಡೇರೆಯ ಹಿಂದೆ ಮೂರು ಕಲ್ಲುಗಳ ಮೇಲೆ ನಮ್ಮ ಹಂಡೆ ಕೂತಿತ್ತು. ಗುಂಯ್ ಎನ್ನುತ್ತಿತ್ತು. ಮೈಯೆಲ್ಲ ಮಸಿ, ಕಂಠದ ಮೇಲೆ ಉಕ್ಕಿ ಒಣಗಿದ ಹಾಲು, ಒಳಗೆ ಕೊತಕೊತ ಕುದಿಯುವ ಟೀ. ಪಕ್ಕದಲ್ಲಿ ಶಾಮಲಮ್ಮನವರ ಕೊಳಗ. ಅದರ ತುಂಬ ಆಲೂಗೆಡ್ಡೆ ಸಿಪ್ಪೆ.

ದೊಡ್ಡತ್ತೆ ಮೊದಲು ಕೊಳಗವನ್ನು ನೋಡಿದರು. ಅವರ ಮುಖ ಒಂದಿಷ್ಟು ಸಡಿಲವಾಯಿತು. ಆಮೇಲೆ ಹಂಡೆಯನ್ನು ನೋಡಿದರು.

"ಮೂತಿಗೆ ಕೂರಿಸ್ತಾರೆ ಅಂದ್ಯಲ್ಲೋ ವೆಂಕಟರಾಯ?"

ಬೀದಿಯವರೂ ಹಿಂದೆಯೇ ಬಂದು ನಿಂತಿದ್ದರು. ಯಜಮಾನರು, "ನಂಗೊತ್ತಿರಲಿಲ್ಲ ದೊಡ್ಡಮ್ಮಾ. ಸುಮ್ನೆ ಹೇಳ್ಬಿಟ್ಟೆ. ಶಾಮಲಮ್ಮೋರು ಕೊಳಗ ಕೊಟ್ರಲ್ಲ, ಅದಕ್ಕೆ," ಎಂದರು. ನಾನು ಅವರ ಕಿವಿ ನೋಡಿದೆ. ಎಂದಿನ ಬಣ್ಣಕ್ಕೆ ಬಂದಿತ್ತು.

ಸಾಹೇಬರು ನನ್ನ ಕಡೆ ತಿರುಗಿ, ಅವರಿಗೆ ಇದನ್ನು ಹೇಳಿ ಎಂದರು. ನಾನು ಹೇಳಿದೆ: "ತಾಮ್ರದಿಂದ ವಿಮಾನ ಆಗಲ್ವಂತೆ ದೊಡ್ಡತ್ತೆ. ಗಟ್ಟಿಯಾಗಿದ್ದ ಪಾತ್ರೆಗಳನ್ನ ಕರಗಿಸೋಕೆ ಮನಸ್ಸು ಬರದೆ ಅಡಿಗೆಗೆ ಇಟ್ಕೊಂಡ್ರಂತೆ. ಆದ್ರೆ ಇಲ್ಲಿಂದ ಹಾರೋ ಹುಡುಗರೆಲ್ಲ ಈ ಹಂಡೆಯ ಟೀ ಕುಡಿದೇ ಹತ್ತೋದಂತೆ."

"ಎಲ್ಲಾರೂ ವಾಪಸ್ ಬರ್ತಾರಾ, ಕೇಳು."

ಕೇಳಿದೆ. ಸಾಹೇಬರು ಹಂಡೆಯ ಕಡೆ ನೋಡುತ್ತ, "ಬಹುಪಾಲು ದಿನ," ಎಂದರು.

ದೊಡ್ಡತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. "ಸರ್ಲೇ. ಹಂಗಾದ್ರೆ ಇಲ್ಲೇ ಇರ್ಲಿ. ಕೊಟ್ಟಿಲ್ಲ, ಎರವು ಅಂತ ಹೇಳು. ನಿನ್ನ ಹೆರಿಗೆ ಹೊತ್ತಿಗೆ ವಾಪಸ್ ತಂದುಕೊಡ್ಬೇಕು. ಕೂಸಿಗೆ ಮೂರು ತಿಂಗಳು ತುಂಬಿದ ಮೇಲೆ ಮತ್ತೆ ಬೇಕಾದ್ರೆ ತಗೊಂಡೋಗ್ಲಿ. ತೊಳೆದು ಕೊಡ್ಬೇಕು. ಇನ್ನೊಬ್ಬರ ಪಾತ್ರೇನ ಖಾಲಿ ಕೊಡಬಾರ್ದು, ಒಳಗೆ ಏನಾದ್ರೂ ಹಾಕಿ ಕೊಡ್ಬೇಕು. ಇಷ್ಟೂ ಸರಿಯಾಗಿ ಹೇಳೇ."

ಬಿ.ಎ. ಓದಿದ್ದಕ್ಕೆ ಅಂದಿನಷ್ಟು ಉಪಯೋಗ ಮತ್ತೆಂದೂ ಆಗಲಿಲ್ಲ. ಸಾಹೇಬರು ಷರತ್ತುಗಳನ್ನೆಲ್ಲ ಕೇಳಿ, ಪಟ್ಟೆಂದು ಕಾಲು ಜೋಡಿಸಿ ಸಲಾಮು ಮಾಡಿದರು. ದೊಡ್ಡತ್ತೆ ಟೀಯನ್ನೆಲ್ಲ ಬಗ್ಗಿಸಿ, ಹುಣಸೆಹಣ್ಣಿನ ಡಬ್ಬಿ ತೆರೆದು, ಅಲ್ಲೇ ಕುಕ್ಕರುಗಾಲಲ್ಲಿ ಕೂತು ಹಂಡೆಯನ್ನು ತಿಕ್ಕತೊಡಗಿದರು. ತಾಮ್ರ ಹೊಳೆಯುತ್ತ ಬಂದಂತೆ ಜನವೂ ಬಂದರು. ಸ್ವಲ್ಪ ಹೊತ್ತಿಗೆ ಪರೀಕ್ಷೆಯ ವಿಮಾನದ ಮುಂದೆ ಒಬ್ಬರೂ ಉಳಿಯಲಿಲ್ಲ.

ನನಗೆ ದಿನ ತುಂಬಿದಾಗ ಯಜಮಾನರು ಮೈದಾನಕ್ಕೆ ಹೇಳಿಕಳಿಸಿದರು. ಮಾರನೆಯ ದಿನ ಮಿಲಿಟರಿ ಲಾರಿಯೊಂದು ನಮ್ಮ ಬೀದಿಗೆ ನುಗ್ಗಿತು. ಹೇಳಿಕಳಿಸಿದ್ದು ಮರೆತು ಯಜಮಾನರು ಅಟ್ಟ ಹತ್ತಿ ಕೂತರು. "ಗಾಜು ತಿಕ್ಕಿದ್ದಕ್ಕೆ ಗುಮಾಸ್ತ್ರನ್ನ ಹಿಡ್ಕೊಂಡು ಹೋಗೋಕೆ ಬಂದವ್ರೆ!" ಎಂದು ಶಾಮಲಮ್ಮನವರು ಬೀದಿಗೆಲ್ಲ ಸಾರಿದರು. ಲಾರಿಯಿಂದ ಆಂಜಿನಪ್ಪ ಇಳಿದ. ಹಿಂದಿನಿಂದ ಹಂಡೆ ಇಳಿಯಿತು. ಕನ್ನಡಿಯಂತೆ ಹೊಳೆಯುತ್ತಿತ್ತು.

ಅದು ಖಾಲಿ ಇರಲಿಲ್ಲ. ಒಂದು ಪೊಟ್ಟಣ ಟೀ, ಚೀಟಿಯಿಲ್ಲದ ಸಕ್ಕರೆ, ಅದರಡಿ ಒಂದು ಬಿಳಿ ಚೊಂಬು. ಸ್ವಲ್ಪ ಸೊಟ್ಟಗಿತ್ತು. ಕಂಠದ ಸುತ್ತ ಚುಕ್ಕಿಚುಕ್ಕಿಯಾಗಿ ದೊಡ್ಡವೆಂಕಟಮ್ಮ ಎಂದು ಕೆತ್ತಿತ್ತು.

"ನಾನೇ ಬರ್ಕೊಟ್ಟೆ, ಅವರು ಕೆತ್ತಿದ್ರು," ಎಂದು ಆಂಜಿನಪ್ಪ ಇಡೀ ಬೀದಿಗೆ ಕೇಳುವಂತೆ ಹೇಳಿದ. "ಮುರಿದುಬಿದ್ದ ವಿಮಾನದ ರೆಕ್ಕೆ ತಗಡಿನಾಗೆ ಮಾಡಿದ್ದು. ಯಾರಿಗೂ ಹೇಳ್ಬೇಡಿ, ರಹಸ್ಯ."

ಮಗಳು ಹುಟ್ಟಿದಳು. ದೊಡ್ಡತ್ತೆ ಹಂಡೆಯಲ್ಲಿ ನೀರು ಕಾಯಿಸಿ, ಆ ಚೊಂಬಿನಿಂದಲೇ ಮೊದಲ ಸ್ನಾನ ಮಾಡಿಸಿದರು. ನೀರಿಗೆ ತುಸು ಟೀಯ ವಾಸನೆಯಿತ್ತು, ಕೂಸು ಅಳಲಿಲ್ಲ. ಯಜಮಾನರು ಬಚ್ಚಲು ಬಾಗಿಲಲ್ಲಿ ನಿಂತು, "ನಾನು ಮೊದಲೇ ಹೇಳಿರಲಿಲ್ವಾ? ಹಂಡೆ ಅಲ್ಲಿಗೆ ಹೋದ್ದಕ್ಕೇ ವಿಮಾನ ಇಲ್ಲಿಗೆ ಬಂತು," ಎಂದರು. ನಾನು ಕತ್ತು ಚಾಚಿ ಅವರ ಕಿವಿ ನೋಡಿದೆ. ಒಲೆಯ ಬೆಳಕಿನಲ್ಲಿ ಬಣ್ಣ ಗೊತ್ತಾಗಲಿಲ್ಲ.

ದೊಡ್ಡತ್ತೆ ಚೊಂಬನ್ನು ಅಂಗೈಯಲ್ಲಿಟ್ಟು ಮೇಲೆ ಕೆಳಗೆ ತೂಗಿ ನೋಡಿದರು. ಇನ್ನೊಮ್ಮೆ ತೂಗಿದರು.

"ಇಷ್ಟು ಹಗುರಾನಾ! ಇದನ್ನ ನಂಬ್ಕೊಂಡು ಆ ಹುಡುಗ್ರು ಆಕಾಶಕ್ಕೆ ಹೋಗ್ತಾರಾ?" ಎಂದರು. "ನನ್ನ ಹಂಡೇನೇ ಹಾಕ್ಬೇಕಾಗಿತ್ತು ಕಣೋ."